'ದ ನೇಮ್ ಆಫ್ ದ ರೋಸ್': ಮೆಚ್ಚಿದೆ ಅನ್ನಲೋ, ಸಿಟ್ಟು ಬಂತು ಅನ್ನಲೋ? (ಕಥೆಯ ಗುಟ್ಟು ಇದೆ)

ತುಂಗಾತೀರ:

ಇಟಲಿಯ ಲೇಖಕ ಉಂಬರ್ಟೊ ಎಕೋ ಅವರ ಕಾದಂಬರಿ 'ದ ನೇಮ್ ಆಫ್ ದ ರೋಸ್' ಓದಿ ಮುಗಿಸಿದೆ. ಇಷ್ಟವಾಯಿತಾ ಅಂತ ಯಾರಾದರೂ ಕೇಳಿದರೆ ಥಟ್ಟನೆ ಹೂಂ ಅನ್ನಲು ಆಗುತ್ತಿಲ್ಲ, ಇಲ್ಲ ಅನ್ನಲೂ ಆಗುತ್ತಿಲ್ಲ. ಇಲ್ಲಿ ಓದಿದವರು ಜಾಸ್ತಿ ಜನ ಇರುತ್ತೀರಿ, ಮಾತಾಡೋಣ ಅನ್ನಿಸಿತು. ಕೊಲೆಗಾರನ ಹೆಸರೂ ಕೆಳಗೆ ಬರುತ್ತದೆ. ಓದಬೇಕೆಂದು ಇಟ್ಟುಕೊಂಡವರು ಇಲ್ಲೇ ನಿಲ್ಲಿಸುವುದು ಒಳ್ಳೆಯದು.

ಗೊತ್ತಾದರೂ ಪರವಾಗಿಲ್ಲ ಅನ್ನುವವರಿಗೆ ಕಥೆ ಇಷ್ಟು. 1327ರ ನವೆಂಬರ್ ತಿಂಗಳು. ಇಟಲಿಯ ಉತ್ತರದಲ್ಲಿ ಬೆಟ್ಟದ ಮೇಲೊಂದು ಶ್ರೀಮಂತ ಕ್ರೈಸ್ತ ಮಠ. ಅಲ್ಲಿಗೆ ವಿಲಿಯಂ ಎಂಬ ಇಂಗ್ಲಿಷ್ ಸನ್ಯಾಸಿ ಬರುತ್ತಾನೆ. ಹಿಂದೆ ಧರ್ಮದ್ರೋಹಿಗಳ ವಿಚಾರಣೆ ಮಾಡುವ ಕೆಲಸದಲ್ಲಿದ್ದು, ಬೇಡವೆಂದು ಬಿಟ್ಟವನು. ಜೊತೆಗೆ ಆಡ್ಸೊ ಎಂಬ ಹುಡುಗ, ಅವನ ಶಿಷ್ಯ. ಈ ಆಡ್ಸೊ ಮುದುಕನಾದ ಮೇಲೆ ನೆನೆಸಿಕೊಂಡು ಬರೆದ ಕಥೆ ಇದು. ಮಠದಲ್ಲಿ ಪೋಪ್ ಕಡೆಯವರಿಗೂ ಅವರ ವಿರೋಧಿಗಳಿಗೂ ಮಾತುಕತೆ ನಡೆಯಬೇಕು. ಅಷ್ಟರಲ್ಲಿ ಪುಸ್ತಕಗಳಿಗೆ ಚಿತ್ರ ಬರೆಯುವ ತರುಣ ಸನ್ಯಾಸಿಯೊಬ್ಬ ಗೋಡೆಯ ಕೆಳಗಿನ ಇಳಿಜಾರಿನಲ್ಲಿ ಸತ್ತು ಬಿದ್ದಿದ್ದಾನೆ. ಸಭೆಗೆ ಮುಂಚೆ ನಿಜ ಹೊರಬರಲಿ ಅಂತ ಮಠಾಧಿಪತಿ ವಿಲಿಯಂಗೆ ಕೇಳಿಕೊಳ್ಳುತ್ತಾನೆ. ಎಲ್ಲಿ ಬೇಕಾದರೂ ಹೋಗು, ಮೇಲಿನ ಗ್ರಂಥಾಲಯಕ್ಕೆ ಮಾತ್ರ ಕಾಲಿಡಬೇಡ ಅನ್ನುತ್ತಾನೆ. ಏಳು ದಿನ, ಸಾವಿನ ಮೇಲೆ ಸಾವು.

ನನ್ನನ್ನು ಹಿಡಿದಿಟ್ಟದ್ದು ಆ ಜಾಗ. ಚಳಿ, ಮಂಜು, ಕತ್ತಲಲ್ಲೇ ಶುರುವಾಗುವ ಪ್ರಾರ್ಥನೆ. ಅಧ್ಯಾಯಗಳಿಗೆ ಗಂಟೆಯ ಲೆಕ್ಕ ಇಲ್ಲ, ಪ್ರಾರ್ಥನೆಯ ಹೊತ್ತಿನ ಲೆಕ್ಕ. ನಾಲ್ಕಾರು ಅಧ್ಯಾಯ ಓದುವಷ್ಟರಲ್ಲಿ ನಾವೂ ಆ ಗಂಟೆಗೆ ಎದ್ದು ಆ ಗಂಟೆಗೆ ಮಲಗುವವರಂತೆ ಆಗಿಬಿಡುತ್ತೇವೆ. ಹಂದಿ ಕಡಿದ ರಕ್ತವನ್ನು ದೊಡ್ಡ ಹಂಡೆಯಲ್ಲಿ ಹೆಪ್ಪುಗಟ್ಟದಂತೆ ಕಲಕಿ ಇಟ್ಟಿರುತ್ತಾರೆ. ಮರುದಿನ ಬೆಳಿಗ್ಗೆ ಅದರಿಂದ ಎರಡು ಕಾಲು ಮೇಲೆದ್ದು ನಿಂತಿರುತ್ತವೆ. ಗ್ರೀಕ್ ಓದುತ್ತಿದ್ದ ಸನ್ಯಾಸಿಯ ಹೆಣ, ತಲೆಕೆಳಗಾಗಿ. ಎಕೋ ಅಲ್ಲಿ ಬೆಚ್ಚಿಬೀಳಿಸುವ ಮಾತು ಒಂದೂ ಬರೆಯುವುದಿಲ್ಲ. ಹಂದಿ ಕಾಯುವವರು ಓಡಿಬಂದರು, ಎಳೆದರು, ತೊಳೆದರು, ಆಗ ಮುಖ ಕಂಡಿತು, ಅಷ್ಟೇ.

ಸಿಟ್ಟು ಯಾಕೆ ಅಂದರೆ, ವಿಲಿಯಂ ಕೊನೆಗೆ ಕೊಲೆಗಾರನ ಹತ್ತಿರ ಬರುವುದು ತಪ್ಪು ಲೆಕ್ಕದಿಂದ! ಬೈಬಲ್ಲಿನ ಕೊನೆಯ ಭಾಗದಲ್ಲಿ ಏಳು ದೇವದೂತರು ತುತ್ತೂರಿ ಊದುತ್ತಾರೆ, ಒಂದೊಂದಕ್ಕೆ ಒಂದೊಂದು ಅನಾಹುತ. ಮಠದ ಸಾವುಗಳು ಅದೇ ಕ್ರಮದಲ್ಲಿ ಬರುತ್ತಿವೆ ಅಂತ ವಿಲಿಯಂ ನಂಬುತ್ತಾನೆ, ನಮ್ಮನ್ನೂ ನಂಬಿಸುತ್ತಾನೆ. ಕಡೆಗೆ ನೋಡಿದರೆ ಆ ಕ್ರಮವೇ ಇರಲಿಲ್ಲ. ಮೊದಲನೆಯದು ಆತ್ಮಹತ್ಯೆ. ರಕ್ತದ ಹಂಡೆಗೆ ಹೆಣ ಹಾಕಿದವನು ಬೇರೆ, ಕಾರಣ ಬೇರೆ. ಐನೂರು ಪುಟ ಅವನ ಹಿಂದೆ ನಡೆದು ಬಂದ ನನಗೆ ಕೈಬಿಟ್ಟ ಹಾಗಾಯಿತು. ನಡುವೆ ಏಸುವಿಗೆ ಸ್ವಂತ ಹಣದ ಚೀಲ ಇತ್ತೋ ಇಲ್ಲವೋ ಅಂತ ಪುಟಗಟ್ಟಲೆ ಜಗಳ. ಲ್ಯಾಟಿನ್ ಸಾಲುಗಳಿಗೆ ಅರ್ಥವೂ ಕೊಟ್ಟಿಲ್ಲ.

ನಿಮಗೆ ಏನನ್ನಿಸಿತು?

ಶಾಲ್ಮಲಾ:

ನನಗೆ ಬಹಳ ಪ್ರೀತಿಯ ಪುಸ್ತಕ ಇದು. ಆದರೂ ನಿಮ್ಮ ಸಿಟ್ಟು ಅರ್ಥವಾಗುತ್ತದೆ ಮೇಡಂ.

ಮೊದಲ ಅಧ್ಯಾಯ ನೆನಪಿಸಿಕೊಳ್ಳಿ. ವಿಲಿಯಂ ಮಠಕ್ಕೆ ಹತ್ತುವ ದಾರಿಯಲ್ಲಿ ಹಿಮದ ಮೇಲಿನ ಗೊರಸಿನ ಗುರುತು ನೋಡುತ್ತಾನೆ. ಮುರಿದ ಟೊಂಗೆ, ಮುಳ್ಳಿಗೆ ಸಿಕ್ಕ ಕಪ್ಪು ಕೂದಲು ನೋಡುತ್ತಾನೆ. ಎದುರಿಗೆ ಬಂದವರು ಏನನ್ನು ಹುಡುಕುತ್ತಿದ್ದಾರೆ ಅಂತ ಬಾಯಿ ಬಿಡುವ ಮೊದಲೇ, ಮಠಾಧಿಪತಿಯ ಕುದುರೆ ಆ ಕಡೆ ಹೋಯಿತು, ಅದರ ಹೆಸರು ಬ್ರುನೆಲಸ್ ಅನ್ನುತ್ತಾನೆ. ಎಲ್ಲವೂ ಸರಿ. ನಮಗೆ ಅವನ ಮೇಲೆ ಭರವಸೆ ಹುಟ್ಟುವುದು ಅಲ್ಲೇ. ಗುರುತು ಇದ್ದರೆ ಅದರ ಹಿಂದೆ ಒಂದು ಕಾರಣ ಇರಲೇಬೇಕು, ಬುದ್ಧಿವಂತನಿಗೆ ಅದು ಸಿಗಲೇಬೇಕು ಅನ್ನುವ ಭರವಸೆ ಅದು. ಅದೇ ಮನುಷ್ಯ ಏಳನೇ ರಾತ್ರಿ, ನಾನು ಇಲ್ಲದ ಕ್ರಮವನ್ನು ಹಿಡಿದು ಬಂದೆ, ಆದರೂ ಬಂದು ತಲುಪಿದ್ದು ಸರಿಯಾದ ಬಾಗಿಲಿಗೆ ಅಂತ ಒಪ್ಪಿಕೊಳ್ಳಬೇಕಾಗುತ್ತದೆ. ಎಕೋ ಮೊದಲ ಪುಟಗಳಲ್ಲೇ ಈ ಹೊಡೆತಕ್ಕೆ ಕೈ ಎತ್ತಿ ಇಟ್ಟಿದ್ದಾರೆ. ಇದು ಕಥೆ ಮುಗಿಸಲು ತೋಚದೆ ಮಾಡಿದ್ದಲ್ಲ.

ಇನ್ನೊಂದು ಇದೆ. ಆ ಸುಳ್ಳು ಕ್ರಮ ಕೊಲೆಗಾರನನ್ನೂ ಹಿಡಿದುಕೊಳ್ಳುತ್ತದೆ. ವಿಲಿಯಂ ಹೀಗೆ ಯೋಚಿಸುತ್ತಿದ್ದಾನೆ ಅಂತ ಕುರುಡ ಮುದುಕ ಹೋರ್ಹೆಗೆ ಗೊತ್ತಾಗುತ್ತದೆ. ಗೊತ್ತಾದ ಮೇಲೆ ಅವನಿಗೂ ನಂಬಿಕೆ ಬಂದುಬಿಡುತ್ತದೆ, ಇದು ದೇವರದೇ ಏರ್ಪಾಡು ಅಂತ. ಪತ್ತೆ ಮಾಡುವವನ ಊಹೆ ಕೊಲೆಗಾರನಿಗೆ ಧೈರ್ಯ ಕೊಟ್ಟಿತು! ಇಂಥದ್ದನ್ನು ನಾನು ಬೇರೆ ಯಾವ ಪತ್ತೇದಾರಿ ಕಾದಂಬರಿಯಲ್ಲೂ ಓದಿಲ್ಲ.

ಹಂಡೆಯ ವಿಷಯಕ್ಕೆ ಬಂದರೆ, ಎಕೋ ಈ ಕಾದಂಬರಿ ಬರೆದದ್ದು ಹೇಗೆ ಅಂತ ಆಮೇಲೆ ಒಂದು ಪುಟ್ಟ ಪುಸ್ತಕವನ್ನೇ ಬರೆದರು. ಅದರಲ್ಲಿ ಇದರ ಲೆಕ್ಕ ಇದೆ. ಎರಡನೇ ತುತ್ತೂರಿಗೆ ಸಮುದ್ರ ರಕ್ತವಾಗಬೇಕು, ಅದಕ್ಕೆ ಅವರಿಗೆ ರಕ್ತದ ಹಂಡೆ ಬೇಕಿತ್ತು. ಹಂದಿ ಕಡಿಯುವುದು ಚಳಿ ಬಿದ್ದ ಮೇಲೆ. ಆದರೆ ಕಥೆಯನ್ನು ಡಿಸೆಂಬರಿಗೆ ತಳ್ಳುವ ಹಾಗಿಲ್ಲ, ಕಥೆಯಲ್ಲಿ ಬರುವ ಮೈಕೆಲ್ ಎಂಬ ಫ್ರಾನ್ಸಿಸ್ಕನ್ (ಬಡತನದ ವ್ರತ ಹಿಡಿದ ಸನ್ಯಾಸಿಗಳ ಪಂಥ, ವಿಲಿಯಂ ಕೂಡ ಅದೇ ಪಂಥದವನು) ಮುಖಂಡ ಆ ಹೊತ್ತಿಗೆ ನಿಜವಾಗಿ ಪೋಪ್ ಆಗ ನೆಲೆಸಿದ್ದ ಆವಿನ್ಯೋನ್‌ನಲ್ಲಿ ಅವರ ಮುಂದೆ ಇದ್ದ. ಹಾಗಾದರೆ ನವೆಂಬರಿನಲ್ಲೇ ಹಿಮ ಬೀಳುವ ಜಾಗ ಬೇಕು. ಅದಕ್ಕೇ ಮಠ ಬೆಟ್ಟದ ಮೇಲೆ ಹೋಯಿತು. ನಿಮ್ಮನ್ನು ಹಿಡಿದಿಟ್ಟ ಆ ಚಳಿ, ಮಂಜು ಎಲ್ಲ ಬಂದದ್ದು ಹೀಗೆ.

ಓದುಗ ಹಾಸನ:

ನಾನು ಅರ್ಧಕ್ಕೆ ಬಿಟ್ಟವನು. ಅರ್ಧ ಅಂದರೂ ಜಾಸ್ತಿಯಾಯಿತು, ಮೊದಲ ದಿನ ದಾಟಲಿಲ್ಲ. ಆ ಚರ್ಚಿನ ಬಾಗಿಲ ಮೇಲಿನ ಕೆತ್ತನೆ ಇದೆಯಲ್ಲ, ಹುಡುಗ ಅದರ ಮುಂದೆ ನಿಂತು ಸಿಂಹ, ಹದ್ದು, ಇಪ್ಪತ್ನಾಲ್ಕು ಮುದುಕರು, ರಾಕ್ಷಸರು ಅಂತ ಹೇಳುತ್ತಾ ಹೋಗುತ್ತಾನೆ. ಅಲ್ಲಿ ಸಾಕಾಯಿತು.

ನಾನು ಪತ್ತೇದಾರಿ ಕಥೆ ಓದಿಕೊಂಡೇ ಬೆಳೆದವನು. ಓದುಗನಿಗೂ ಪತ್ತೇದಾರನಿಗೂ ಒಂದೇ ಸುಳಿವು ಸಿಗಬೇಕು, ನನಗೂ ಊಹಿಸಲು ಅವಕಾಶ ಇರಬೇಕು. ಅದು ನ್ಯಾಯ. ಈಗ ನೀವು ಹೇಳುವುದು ನೋಡಿದರೆ ಊಹೆ ಮಾಡಿ ಕೂತವನಿಗೆ ಕೊನೆಗೆ ಸಿಗುವುದು 'ಕ್ರಮವೇ ಇಲ್ಲ' ಅನ್ನುವ ಉತ್ತರ. ಶಾಲ್ಮಲಾ ಅವರೇ, ಬೇಕಂತಲೇ ಮಾಡಿದರು ಅಂದ ಮಾತ್ರಕ್ಕೆ ನ್ಯಾಯ ಆಗುತ್ತದೆಯೇ?

ಶಾಲ್ಮಲಾ:

ಸರ್, ಬಾಗಿಲ ಹತ್ತಿರ ನಿಲ್ಲಿಸಿದವರು ನೀವೊಬ್ಬರೇ ಅಲ್ಲ. ಮೊದಲ ನೂರು ಪುಟ ಕಡಿಮೆ ಮಾಡಿ ಅಂತ ಎಕೋಗೆ ಸ್ನೇಹಿತರು, ಪ್ರಕಾಶಕರು ಹೇಳಿದ್ದರಂತೆ. ಅವರು ಒಪ್ಪಲಿಲ್ಲ. ಮಠದೊಳಗೆ ಬರುವವರು ಮಠದ ನಡಿಗೆಗೆ ಹೊಂದಿಕೊಳ್ಳಬೇಕು ಅನ್ನುವುದು ಅವರ ವಾದ. ನನಗೆ ಅದು ಒಪ್ಪಿಗೆ, ಎಲ್ಲರಿಗೂ ಒಪ್ಪಿಗೆಯಾಗಬೇಕು ಅಂತಿಲ್ಲ.

ಸುಳಿವಿನ ನ್ಯಾಯದ ಬಗ್ಗೆ ಮಾತ್ರ ನಿಮ್ಮ ಮಾತು ಒಪ್ಪುವುದಿಲ್ಲ. ಓಲೆಗರಿ ಅವರು ಇಲ್ಲಿದ್ದರೆ ಹೇಳಲಿ, ಅವರಿಗೆ ಆ ಕೆಲಸ ನನಗಿಂತ ಚೆನ್ನಾಗಿ ಗೊತ್ತು.

ಓಲೆಗರಿ:

ಇದ್ದೇನೆ. ಹಳೆಯ ಹಸ್ತಪ್ರತಿಗಳ ನಡುವೆ ಕೆಲಸ ಮಾಡುವವನು ನಾನು. ಅದಕ್ಕೋ ಏನೋ, ಈ ಕಾದಂಬರಿಯಲ್ಲಿ ನನ್ನ ಕಣ್ಣು ಮನುಷ್ಯರಿಗಿಂತ ಆ ಒಂದು ಪುಸ್ತಕದ ಮೇಲೇ ಇತ್ತು.

ಹಾಸನದ ಸರ್, ಸುಳಿವು ಇದೆ. ನಿಮ್ಮ ಕಣ್ಣಮುಂದೆಯೇ ಮೇಜಿನ ಮೇಲೆ ಇಡುತ್ತಾರೆ. ಐದನೇ ದಿನ ಔಷಧಿ ನೋಡಿಕೊಳ್ಳುವ ಸನ್ಯಾಸಿ ಸೆವೆರಿನಸ್ ತನ್ನ ಕೋಣೆಯಲ್ಲಿ ಕೊಲೆಯಾಗಿ ಬಿದ್ದಿರುತ್ತಾನೆ. ಅವನ ಬಳಿ ಒಂದು ವಿಚಿತ್ರ ಪುಸ್ತಕ ಇದೆ ಅಂತ ವಿಲಿಯಂಗೆ ಗೊತ್ತು. ಹುಡುಕುತ್ತಿರುವುದು ಗ್ರೀಕ್ ಪುಸ್ತಕ. ಕಪಾಟಿನ ಪುಸ್ತಕಗಳನ್ನು ಒಂದೊಂದಾಗಿ ತೆಗೆದು ನೋಡುತ್ತಾರೆ. ಒಂದನ್ನು ತೆಗೆದರೆ ಅರಬ್ಬಿ ಅಕ್ಷರ. ಇದಲ್ಲ ಅಂತ ಬದಿಗಿಡುತ್ತಾರೆ. ಹೊರಗೆ ಬಂದು ಸ್ವಲ್ಪ ಹೊತ್ತಾದ ಮೇಲೆ ವಿಲಿಯಂಗೆ ಹೊಳೆಯುತ್ತದೆ: ಒಂದೇ ಹೊದಿಕೆಯೊಳಗೆ ಬೇರೆ ಬೇರೆ ಭಾಷೆಯ ನಾಲ್ಕು ಕೃತಿ ಸೇರಿಸಿ ಕಟ್ಟಿರಬಹುದಲ್ಲ! ಓಡಿ ಹೋಗಿ ನೋಡಿದರೆ ಪುಸ್ತಕ ಮಾಯ. ಅದು ಅವನ ಕೈಗೆ ಬಂದು ಜಾರಿ ಹೋಯಿತು. ಆ ದಿನ ಕೊನೆಯ ಎಲೆಗಳ ತನಕ ತಿರುವಿದ್ದರೆ ಮುಂದಿನ ಸಾವುಗಳು ಆಗುತ್ತಿರಲಿಲ್ಲ.

ಇದು ನಮ್ಮ ಕೆಲಸದಲ್ಲಿ ದಿನಾ ಆಗುವಂಥದ್ದು. ತಾಳೆಗರಿಯ ಒಂದು ಕಟ್ಟು ಬಿಚ್ಚಿದರೆ ಮೊದಲು ವೈದ್ಯದ ಏನೋ ಇರುತ್ತದೆ, ಅದು ಮುಗಿದ ಮೇಲೆ ಒಂದು ಶತಕ, ಅದರ ಹಿಂದೆ ಯಾವುದೋ ಲೆಕ್ಕದ ಗ್ರಂಥ. ಮೊದಲ ಗರಿ ನೋಡಿ ಹೆಸರು ಬರೆದುಕೊಂಡರೆ ಉಳಿದವು ಪಟ್ಟಿಯಲ್ಲಿ ಕಾಣುವುದೇ ಇಲ್ಲ, ಇದ್ದೂ ಕಳೆದುಹೋದಂತೆ. ಕಡೆಯ ಗರಿಯವರೆಗೂ ನೋಡಿ ಅಂತ ಹೊಸಬರಿಗೆ ಹೇಳುವುದು ಇದಕ್ಕೇ. ಎಕೋಗೆ ಈ ವಿಷಯ ಚೆನ್ನಾಗಿ ಗೊತ್ತಿತ್ತು. ಹಾಗಾಗಿ ಇದು ಆಕಾಶದಿಂದ ಉದುರಿದ ಸುಳಿವಲ್ಲ, ಪುಸ್ತಕ ಮುಟ್ಟಿ ಗೊತ್ತಿದ್ದವರು ಇಟ್ಟ ಸುಳಿವು.

ವಿಷವೂ ಹಾಗೆಯೇ. ಪುಟದ ಮೂಲೆಗೆ ಹಚ್ಚಿದ ವಿಷ. ಅದು ಬಟ್ಟೆಯ ನಾರಿನಿಂದ ಮಾಡಿದ ಕಾಗದ, ತೇವ ಎಳೆದುಕೊಂಡು ಒಂದಕ್ಕೊಂದು ಅಂಟಿಕೊಂಡಿದೆ. ತಿರುವಬೇಕಾದರೆ ಬೆರಳಿಗೆ ಎಂಜಲು ಹಚ್ಚಲೇಬೇಕು. ಓದಬೇಕು ಅನ್ನುವ ಆಸೆ ಎಷ್ಟು ಜಾಸ್ತಿಯೋ ವಿಷ ಅಷ್ಟು ಬೇಗ ಒಳಗೆ ಹೋಗುತ್ತದೆ. ಸತ್ತವರ ಬೆರಳು, ನಾಲಿಗೆ ಕಪ್ಪಾಗಿರುವುದನ್ನು ಮೂರನೇ ಸಾವಿನ ಹೊತ್ತಿಗೇ ನಮಗೆ ಹೇಳಿಯಾಗಿದೆ. ಓದುವಾಗ ಬೆರಳು ನಾಲಿಗೆಗೆ ತಾಗಿಸುವವರು ಅದನ್ನು ಅಲ್ಲೇ ಊಹಿಸಬಹುದಿತ್ತು, ಅಲ್ವಾ?

ಇದು ಬರೀ ಕಲ್ಪನೆ ಅನ್ನುವವರಿಗೆ ಒಂದು ಮಾತು. 2018ರಲ್ಲಿ ಡೆನ್ಮಾರ್ಕಿನ ಒಂದು ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿ 16 ಮತ್ತು 17ನೇ ಶತಮಾನದ ಮೂರು ಪುಸ್ತಕಗಳ ಹೊದಿಕೆಯ ಹಸಿರು ಬಣ್ಣದಲ್ಲಿ ಆರ್ಸೆನಿಕ್ ಸಿಕ್ಕಿತು. ಕೊಲ್ಲಲು ಹಚ್ಚಿದ್ದಲ್ಲ, ಬಹುಶಃ ಹುಳ ಬಾರದಿರಲಿ ಅಂತ. ಹೊದಿಕೆಗೆ ಬಳಸಿದ್ದ ಹಳೆಯ ಹಸ್ತಪ್ರತಿಯ ಚೂರುಗಳನ್ನು ಓದಲು ಎಕ್ಸ್‌ರೇ ಹಾಕಿದಾಗ ಇದು ಕಂಡಿತು. ಅವರಿಗೂ ಮೊದಲು ನೆನಪಾದದ್ದು ಎಕೋ ಕಾದಂಬರಿಯೇ.

ತುಂಗಾತೀರ:

ಓಲೆಗರಿ ಸರ್, ಇದನ್ನು ಓದಿ ನಾನು ಐದನೇ ದಿನದ ಪುಟ ತೆಗೆದು ನೋಡಿದೆ. ಆ ಅರಬ್ಬಿ ಪುಸ್ತಕದ ಮೇಲೆ ಕಣ್ಣು ಹಾಯಿಸಿ ಮುಂದೆ ಹೋಗುವ ಹಾಗೆ ಎಷ್ಟು ಸಹಜವಾಗಿ ಬರೆದಿದ್ದಾರೆ! ಕೊಲೆಯ ಗದ್ದಲದ ನಡುವೆ ಒಂದು ಸಾಲು, ಅಷ್ಟೇ.

ಹಾಗಾದರೆ ನನ್ನ ಪ್ರಶ್ನೆ ಸ್ವಲ್ಪ ಬದಲಾಗುತ್ತದೆ. ಪುಸ್ತಕದ ಸುಳಿವು ನಿಜವಾದದ್ದು, ತುತ್ತೂರಿಯ ಸುಳಿವು ಸುಳ್ಳು. ವಿಲಿಯಂ ಕಣ್ಣೆದುರಿನ ವಸ್ತುವನ್ನು ನೋಡುವುದರಲ್ಲಿ ಜಾಣ, ಕುದುರೆ ವಿಷಯದಲ್ಲಿ ಗೆದ್ದದ್ದು ಹಾಗೆ. ವಸ್ತು ಬಿಟ್ಟು ದೊಡ್ಡ ಕಥೆ ಕಟ್ಟಲು ಹೋದಾಗ ಸೋತ. ಹೀಗೆ ಓದಿದರೆ ನನ್ನ ಸಿಟ್ಟು ಅರ್ಧ ಇಳಿಯುತ್ತದೆ.

ಉಳಿದ ಅರ್ಧ ಇಳಿಯುವುದಿಲ್ಲ. ಆ ಹುಡುಗಿ.

ಮಂದಾರ:

ಅವಳ ಬಗ್ಗೆ ಯಾರಾದರೂ ಬರೆಯುತ್ತಾರಾ ಅಂತ ಕಾಯುತ್ತಿದ್ದೆ.

ಓದದವರಿಗೆ ಹೇಳುತ್ತೇನೆ. ಮಠದ ಕೆಳಗಿನ ಹಳ್ಳಿಯ ಬಡ ಹುಡುಗಿ. ರಾತ್ರಿ ಕದ್ದು ಮಠದ ಅಡುಗೆಮನೆಗೆ ಬರುತ್ತಾಳೆ. ಅಲ್ಲಿ ಕೆಲವರು ಅವಳ ದೇಹ ತೆಗೆದುಕೊಂಡು ಬದಲಿಗೆ ತಿನ್ನಲು ಮಾಂಸದ ಉಳಿಕೆ ಕೊಡುತ್ತಾರೆ. ಹಸಿವಿಗೆ ಬಂದವಳು. ಒಂದು ರಾತ್ರಿ ಆಡ್ಸೊ ಅಲ್ಲಿ ಸಿಗುತ್ತಾನೆ. ಅವಳ ಭಾಷೆ ಇವನಿಗೆ ಬಾರದು, ಇವನ ಭಾಷೆ ಅವಳಿಗೆ ಬಾರದು. ಇಬ್ಬರೂ ಕೂಡುತ್ತಾರೆ. ಅವನಿಗೆ ಎಚ್ಚರವಾದಾಗ ಅವಳು ಬಿಟ್ಟು ಹೋದ ಬಟ್ಟೆಯ ಗಂಟಿನಲ್ಲಿ ಒಂದು ದೊಡ್ಡ ಹೃದಯ ಇರುತ್ತದೆ, ಪ್ರಾಣಿಯದು. ಆಮೇಲೆ ವಿಚಾರಣಾಧಿಕಾರಿ ಬರ್ನಾರ್ಡ್ ಗುಯಿಯ ಜನ ಅವಳನ್ನು ಹಿಡಿಯುತ್ತಾರೆ. ಹತ್ತಿರ ಕಪ್ಪು ಬೆಕ್ಕು ಸಿಕ್ಕಿತು, ಮಾಟಗಾತಿ ಅನ್ನುತ್ತಾರೆ. ಸುಡಲು ಕರೆದೊಯ್ಯುತ್ತಾರೆ. ಕಥೆ ಮುಂದೆ ಹೋಗಿಬಿಡುತ್ತದೆ.

ಸನ್ಯಾಸಿಗಳು ಸತ್ತರೆ ಒಬ್ಬೊಬ್ಬರಿಗೂ ಹೆಸರು, ಊರು, ಓದುತ್ತಿದ್ದ ಪುಸ್ತಕ ಎಲ್ಲ ಇದೆ. ಇವಳಿಗೆ ಹೆಸರಿಲ್ಲ. ತಾನು ಪ್ರೀತಿಸಿದ ಒಬ್ಬಳೇ ಹೆಣ್ಣಿನ ಹೆಸರು ಕೂಡ ಗೊತ್ತಾಗಲಿಲ್ಲ ಅಂತ ಆಡ್ಸೊ ಮುಪ್ಪಿನಲ್ಲಿ ಕೊರಗುತ್ತಾನೆ. ಅದು ಕಾದಂಬರಿಯ ಉದ್ದೇಶ, ಆ ಕಾಲದಲ್ಲಿ ಹಾಗೇ ಇತ್ತು, ಎಲ್ಲ ನಿಜ. ಆದರೂ ಒಂದು ಕೇಳುತ್ತೇನೆ. ಆಡ್ಸೊ ಆ ರಾತ್ರಿಯನ್ನು ವರ್ಣಿಸುವಾಗ ಅವಳು ಕಾಣುವುದಿಲ್ಲ. ಧರ್ಮಗ್ರಂಥದ ಪ್ರೇಮಗೀತೆಯ ಸಾಲುಗಳೇ ಕಾಣುತ್ತವೆ. ಓದಿದ ಪುಸ್ತಕದ ಮಾತುಗಳಿಂದ ಅವಳನ್ನು ಪೂರ್ತಿ ಮುಚ್ಚಿಬಿಡುತ್ತಾನೆ. ಹಸಿದು ಬಂದವಳು ಅಷ್ಟೊತ್ತಿಗೆ ಏನು ಯೋಚಿಸುತ್ತಿದ್ದಳು ಅಂತ ಒಂದು ಸಾಲಿಲ್ಲ. ಐನೂರು ಪುಟದಲ್ಲಿ ಒಂದು ಸಾಲಿಗೆ ಜಾಗ ಇರಲಿಲ್ಲವೇ?

ವಿಲಿಯಂ ಮೇಲೆ ನನಗೆ ಹೆಚ್ಚು ಬೇಸರ. ಅವಳು ಮಾಟಗಾತಿ ಅಲ್ಲ ಅಂತ ಅವನಿಗೆ ಚೆನ್ನಾಗಿ ಗೊತ್ತು. ಅವಳು ಈಗಾಗಲೇ ಸುಟ್ಟ ಮಾಂಸ ಅನ್ನುವ ಅರ್ಥದ ಮಾತಾಡಿ ಶಿಷ್ಯನ ಬಾಯಿ ಮುಚ್ಚಿಸುತ್ತಾನೆ. ಕಳೆದುಹೋದ ಪುಸ್ತಕಕ್ಕಾಗಿ ರಾತ್ರಿಯೆಲ್ಲ ಓಡಾಡುವವನು ಅವಳಿಗಾಗಿ ಒಂದು ಹೆಜ್ಜೆ ಇಡಲಿಲ್ಲ.

ಶಾಲ್ಮಲಾ:

ಮಂದಾರ ಅವರೇ, ನಿಮ್ಮ ಕೊನೆಯ ಸಾಲಿಗೆ ನನ್ನ ಹತ್ತಿರ ಉತ್ತರ ಇಲ್ಲ. ನನಗೂ ಅದು ಚುಚ್ಚುತ್ತದೆ. ಒಂದೇ ಒಂದು ಸೇರಿಸುತ್ತೇನೆ. ವಿಲಿಯಂ ಹಿಂದೆ ಇದೇ ವಿಚಾರಣೆಯ ಕೆಲಸ ಮಾಡಿದವನು. ಬಾಯಿ ಬಿಟ್ಟರೆ ತನ್ನ ಕಡೆಯ ಫ್ರಾನ್ಸಿಸ್ಕನ್ನರೆಲ್ಲ ಸಿಕ್ಕಿಬೀಳುತ್ತಾರೆ ಅಂತ ಅವನಿಗೆ ಗೊತ್ತು. ಇದು ಅವನನ್ನು ಒಳ್ಳೆಯವನನ್ನಾಗಿ ಮಾಡುವುದಿಲ್ಲ. ಅವನು ಹೆದರಿದ್ದು ಯಾಕೆ ಅಂತ ಮಾತ್ರ ತಿಳಿಯುತ್ತದೆ.

ಆ ಹಣದ ಚೀಲದ ಜಗಳ ಬೇಸರ ಅಂದಿರಲ್ಲ ತುಂಗಾತೀರ ಮೇಡಂ, ಅದಕ್ಕೂ ಈ ಹುಡುಗಿಗೂ ನೇರ ಸಂಬಂಧ ಇದೆ. ಏಸುವೂ ಅವನ ಶಿಷ್ಯರೂ ಏನನ್ನೂ ಸ್ವಂತಕ್ಕೆ ಇಟ್ಟುಕೊಳ್ಳಲಿಲ್ಲ ಅಂತ ಫ್ರಾನ್ಸಿಸ್ಕನ್ನರು 1322ರಲ್ಲಿ ಪೆರುಜಾ ಸಭೆಯಲ್ಲಿ ಸಾರಿದರು. ಮರುವರ್ಷ ಪೋಪ್ ಇಪ್ಪತ್ತೆರಡನೇ ಜಾನ್, ಹಾಗೆ ಹೇಳುವುದೇ ಧರ್ಮದ್ರೋಹ ಅಂತ ಆಜ್ಞೆ ಹೊರಡಿಸಿದರು. ಏಸು ಬಡವನಾಗಿದ್ದರೆ ಪೋಪ್ ಅರಮನೆಯಲ್ಲಿ ಯಾಕೆ ಇರಬೇಕು ಅನ್ನುವ ಪ್ರಶ್ನೆ ಏಳುತ್ತದೆ, ಅದೇ ಭಯ. ಬಡವರನ್ನು ಕೂಡಿಸಿಕೊಂಡು ದಂಗೆ ಎದ್ದ ಡೊಲ್ಚಿನೋನನ್ನು 1307ರಲ್ಲಿ ಹಿಡಿದು ಕೊಂದಿದ್ದರು. ಅವನ ಗುಂಪಿನಲ್ಲಿದ್ದು ತಪ್ಪಿಸಿಕೊಂಡ ಇಬ್ಬರು ಇದೇ ಮಠದಲ್ಲಿ ಅಡಗಿದ್ದಾರೆ. ಒಳಗೆ ಇವರು ಬಡತನದ ಬಗ್ಗೆ ಪಾಂಡಿತ್ಯದಿಂದ ಬಡಿದಾಡುತ್ತಿದ್ದಾರೆ. ಅದೇ ಗೋಡೆಯೊಳಗೆ ಒಬ್ಬ ಬಡ ಹುಡುಗಿ ಎಂಜಲಿಗಾಗಿ ಬಂದು ಕೈಗೆ ಸಿಕ್ಕಿಬಿದ್ದಿದ್ದಾಳೆ. ಸಭೆಯಲ್ಲಿ ಒಬ್ಬನೂ ಅವಳ ಮಾತೆತ್ತುವುದಿಲ್ಲ. ನನ್ನ ಪ್ರಕಾರ ಎಕೋ ಅವಳನ್ನು ಮರೆತಿಲ್ಲ, ಆ ಸಭೆ ಮರೆತದ್ದನ್ನು ತೋರಿಸಿದ್ದಾರೆ.

ಮಂದಾರ:

ಎರಡನ್ನೂ ಜೋಡಿಸಿ ಹೇಳಿದ್ದು ಒಳ್ಳೆಯದಾಯಿತು, ಆ ಕಣ್ಣಿಂದ ನಾನು ನೋಡಿರಲಿಲ್ಲ. ಆದರೆ ತೋರಿಸುವುದಕ್ಕಾಗಿ ಅವಳನ್ನು ಮೂಕಿ ಮಾಡಬೇಕಿತ್ತೇ ಅನ್ನುವ ನನ್ನ ಪ್ರಶ್ನೆ ಹಾಗೇ ಇದೆ.

ಶನಿವಾರದ ಸಿನಿಮಾ:

ನಾನು ಮೊದಲು ನೋಡಿದ್ದು ಸಿನಿಮಾ, 1986ರದು. ಶಾನ್ ಕಾನರಿ ವಿಲಿಯಂ ಆಗಿದ್ದಾರೆ. ಮಂದಾರ ಅವರೇ, ಅದರಲ್ಲಿ ಹುಡುಗಿ ಬದುಕುತ್ತಾಳೆ. ಹಳ್ಳಿಯ ಜನ ತಿರುಗಿಬೀಳುತ್ತಾರೆ, ಬರ್ನಾರ್ಡ್ ಗುಯಿ ಸಾಯುತ್ತಾನೆ. ನೋಡುವಾಗ ಸಮಾಧಾನ ಆಗಿತ್ತು. ಪುಸ್ತಕ ಓದಿದ ಮೇಲೆ ಆ ಸಮಾಧಾನ ಉಳಿಯಲಿಲ್ಲ. ಗುಯಿ ನಿಜವಾಗಿ ಇದ್ದ ಮನುಷ್ಯ. ವಿಚಾರಣೆ ಹೇಗೆ ನಡೆಸಬೇಕು ಅಂತ ಕೈಪಿಡಿಯನ್ನೇ ಬರೆದವನು. 1331ರವರೆಗೂ ಬದುಕಿದ್ದ. ಕಾದಂಬರಿಯಲ್ಲಿ ಅವನು ಬಂದ ಕೆಲಸ ಮುಗಿಸಿಕೊಂಡು ತನ್ನ ಪಾಡಿಗೆ ಹೊರಟು ಹೋಗುತ್ತಾನೆ, ಚರಿತ್ರೆಯಲ್ಲಿ ಆದ ಹಾಗೆ.

ಸಿನಿಮಾ ಒಂದರಲ್ಲಿ ಮಾತ್ರ ಪುಸ್ತಕಕ್ಕೆ ಸಮ. ಮುಖಗಳು. ಆ ಸನ್ಯಾಸಿಗಳ ಮುಖ ನೋಡಿದರೆ ಸಾಕು. ಆದರೆ ಗ್ರಂಥಾಲಯದ ಒಳಗಿನ ಚಕ್ರವ್ಯೂಹ ಪುಸ್ತಕದಲ್ಲೇ ಚೆಂದ. ಸಿನಿಮಾದಲ್ಲಿ ಮೆಟ್ಟಿಲುಗಳ ಮೇಲೆ ಮೆಟ್ಟಿಲು ಬರುತ್ತವೆ. ಪುಸ್ತಕದಲ್ಲಿ ಇರುವುದು ಒಂದೇ ಮಟ್ಟದ ಕೋಣೆಗಳು, ಒಟ್ಟು 56. ಪ್ರತಿ ಕೋಣೆಯ ಮೇಲಿನ ಸಾಲಿನ ಮೊದಲ ಅಕ್ಷರ ಕೂಡಿಸುತ್ತಾ ಹೋದರೆ ದೇಶಗಳ ಹೆಸರಾಗುತ್ತವೆ. ಅಂದರೆ ಪುಸ್ತಕಗಳನ್ನು ಭೂಪಟದ ಹಾಗೆ ಜೋಡಿಸಿದ್ದಾರೆ, ಯಾವ ನಾಡಿನ ಬರಹ ಆ ನಾಡಿನ ಜಾಗದಲ್ಲಿ. ವಿಲಿಯಂ ಅದನ್ನು ಹೊರಗಿನಿಂದ ಕಿಟಕಿ ಎಣಿಸಿ ಲೆಕ್ಕ ಹಾಕುತ್ತಾನೆ. ಆ ಭಾಗ ಓದುವಾಗ ನಾನು ಪೆನ್ಸಿಲ್ ಹಿಡಿದು ನಕ್ಷೆ ಬರೆದುಕೊಂಡೆ.

ಓದುಗ ಹಾಸನ:

ಕಿಟಕಿ ಎಣಿಸುವುದು, ಅರಬ್ಬಿ ಪುಸ್ತಕ ಇವೆಲ್ಲ ಇವೆ ಅಂತ ಯಾರಾದರೂ ಮೊದಲೇ ಹೇಳಿದ್ದರೆ ಬಾಗಿಲ ಹತ್ತಿರ ನಿಲ್ಲಿಸುತ್ತಿರಲಿಲ್ಲ.

ಒಂದು ಅನುಮಾನ. ಇಷ್ಟೆಲ್ಲ ಸಾವು ಯಾವ ಪುಸ್ತಕಕ್ಕಾಗಿ? ಅದು ನಿಜಕ್ಕೂ ಇತ್ತೇ?

ಓಲೆಗರಿ:

ಅರಿಸ್ಟಾಟಲ್ ಬರೆದ ಕಾವ್ಯದ ಪುಸ್ತಕ 'ಪೊಯೆಟಿಕ್ಸ್' ಅರ್ಧ ಮಾತ್ರ ನಮಗೆ ಸಿಕ್ಕಿದೆ. ಉಳಿದಿರುವ ಭಾಗ ದುರಂತ ನಾಟಕದ ಬಗ್ಗೆ. ಹಾಸ್ಯದ ಬಗ್ಗೆ ಮುಂದೆ ಹೇಳುತ್ತೇನೆ ಅಂತ ಅದರಲ್ಲೇ ಹೇಳಿದ್ದಾರೆ. ಆ ಮುಂದಿನ ಭಾಗ ಸಿಕ್ಕಿಲ್ಲ. ಅದರ ಕೊನೆಯ ಪ್ರತಿ ಈ ಮಠದಲ್ಲಿತ್ತು ಅನ್ನುವುದು ಎಕೋ ಕಲ್ಪನೆ. ಹೋರ್ಹೆಗೆ ಅದರ ಭಯ. ನಗುವುದು ಒಳ್ಳೆಯದು ಅಂತ ಯಾರೋ ಸಾಮಾನ್ಯರು ಹೇಳಿದರೆ ತೊಂದರೆ ಇಲ್ಲ, ಅರಿಸ್ಟಾಟಲ್ ಹೇಳಿದರೆ ವಿದ್ವಾಂಸರೆಲ್ಲ ಒಪ್ಪಿಬಿಡುತ್ತಾರೆ. ನಕ್ಕವನಿಗೆ ಭಯ ಹೋಗುತ್ತದೆ. ಭಯ ಹೋದರೆ ದೇವರು ಯಾಕೆ ಬೇಕು ಅನ್ನುವುದು ಅವನ ತರ್ಕ. ಅದಕ್ಕೇ ಸುಡದೆ, ಹೊರಗೂ ಬಿಡದೆ, ವಿಷ ಹಚ್ಚಿ ಇಟ್ಟ.

ಸುಡಲಿಲ್ಲ ಅನ್ನುವುದೇ ನನ್ನನ್ನು ಕಾಡುತ್ತದೆ. ಅವನೂ ಪುಸ್ತಕ ಪ್ರೀತಿಸುವವನೇ. ಕುರುಡ, ಆದರೂ ಗ್ರಂಥಾಲಯದ ಒಂದೊಂದು ಪುಸ್ತಕ ಬಾಯಿಪಾಠ. ಅರ್ಜೆಂಟೀನಾದ ಲೇಖಕ ಹೋರ್ಹೆ ಲೂಯಿಸ್ ಬೋರ್ಹೆಸ್ ಕಣ್ಣು ಹೋದ ಮೇಲೂ ರಾಷ್ಟ್ರೀಯ ಗ್ರಂಥಾಲಯದ ನಿರ್ದೇಶಕರಾಗಿದ್ದರು. ಅವರನ್ನು ಮನಸ್ಸಿನಲ್ಲಿ ಇಟ್ಟುಕೊಂಡೇ ಈ ಹೆಸರು ಇಟ್ಟೆ ಅಂತ ಎಕೋ ಹೇಳಿದ್ದಾರೆ.

ಕಳೆದುಹೋದದ್ದು ಸಿಗುವುದೇ ಇಲ್ಲ ಅಂತ ಅಂದುಕೊಳ್ಳಬೇಡಿ. ಕೌಟಿಲ್ಯನ ಅರ್ಥಶಾಸ್ತ್ರವೂ ಹೆಸರು ಮಾತ್ರ ಉಳಿದು ಬಹುಕಾಲ ಕಾಣೆಯಾಗಿತ್ತು. ಮೈಸೂರಿನ ಓರಿಯಂಟಲ್ ಲೈಬ್ರರಿಗೆ ತಂಜಾವೂರು ಕಡೆಯ ಪಂಡಿತರೊಬ್ಬರು ಕೊಟ್ಟ ತಾಳೆಗರಿಯ ಕಟ್ಟಿನಲ್ಲಿ 1905ರ ಸುಮಾರಿಗೆ ಆರ್. ಶಾಮಶಾಸ್ತ್ರಿಗಳು ಅದನ್ನು ಗುರುತಿಸಿದರು. 1909ರಲ್ಲಿ ಅಚ್ಚಾಯಿತು. ಅಲ್ಲೊಬ್ಬ ಹೋರ್ಹೆ ಇದ್ದಿದ್ದರೆ ಏನಾಗುತ್ತಿತ್ತು ಅಂತ ಯೋಚಿಸಿದರೆ ಮೈ ನಡುಗುತ್ತದೆ. ಮೂಡುಬಿದಿರೆಯಲ್ಲಿದ್ದ ಜೈನರ ಧವಲಾ ಗ್ರಂಥಗಳೂ ಶತಮಾನಗಟ್ಟಲೆ ದರ್ಶನಕ್ಕೆ ಮಾತ್ರ ಇದ್ದವು, ಹೊರಗಿನವರು ಓದುವ ಹಾಗಿರಲಿಲ್ಲ. ಪ್ರತಿ ಮಾಡಲು ಶುರುವಾದದ್ದು 19ನೇ ಶತಮಾನದ ಕೊನೆಗೆ, ಅಚ್ಚಾಗಲು ಶುರುವಾದದ್ದು 1939ರಲ್ಲಿ. ಆದರೆ ಒಂದು ವ್ಯತ್ಯಾಸ ಹೇಳಲೇಬೇಕು. ಅಲ್ಲಿ ಮುಚ್ಚಿಟ್ಟವರು ಪೂಜಿಸಿ ಕಾಪಾಡಿದರು. ಅದರಿಂದಲೇ ಗರಿಗಳು ಉಳಿದವು. ಬಾಗಿಲು ಹಾಕಿದವರೆಲ್ಲ ಹೋರ್ಹೆ ಆಗುವುದಿಲ್ಲ.

ತುಂಗಾತೀರ:

ಇಷ್ಟು ಮಾತಾದ ಮೇಲೆ ನನ್ನ ಅಭಿಪ್ರಾಯ ಎಲ್ಲಿ ನಿಂತಿದೆ ಅಂತ ಹೇಳುತ್ತೇನೆ. ವಿಲಿಯಂ ಸೋಲಿನ ಬಗ್ಗೆ ಇದ್ದ ಸಿಟ್ಟು ಹೋಯಿತು. ಅದೇ ಈ ಕಾದಂಬರಿಯ ದೊಡ್ಡ ಬಲ ಅಂತ ಈಗ ಅನ್ನಿಸುತ್ತಿದೆ. ಐದನೇ ಸಾವು ನೆನಪಿಸಿಕೊಳ್ಳಿ. ಗ್ರಂಥಪಾಲಕ ಮಲಾಕಿ ಪ್ರಾರ್ಥನೆಯ ನಡುವೆ ಕುಸಿದು, ಸಾವಿರ ಚೇಳಿನ ಶಕ್ತಿ ಅಂತ ಏನೋ ಗೊಣಗಿ ಸಾಯುತ್ತಾನೆ. ಐದನೇ ತುತ್ತೂರಿಗೆ ಚೇಳು! ನನಗೆ ಮೈ ಜುಮ್ಮೆಂದಿತ್ತು. ನಿಜ ಏನೆಂದರೆ, ಪುಸ್ತಕ ತೆರೆಯಬೇಡ, ಅದಕ್ಕೆ ಸಾವಿರ ಚೇಳಿನ ಶಕ್ತಿ ಇದೆ ಅಂತ ಹೋರ್ಹೆಯೇ ಅವನಿಗೆ ಹೆದರಿಸಿ ಹೇಳಿದ್ದ. ನಾವು ಹುಡುಕುತ್ತಿದ್ದರೆ ಎಲ್ಲವೂ ಹುಡುಕಿದ್ದಕ್ಕೇ ಸಾಕ್ಷಿಯಾಗುತ್ತದೆ. ಓದುವಾಗ ನಾನೂ ಅದನ್ನೇ ಮಾಡಿದೆ, ಎಷ್ಟು ಖುಷಿಯಿಂದ ಮಾಡಿದೆ!

ಹುಡುಗಿಯ ವಿಷಯದಲ್ಲಿ ನಾನು ಮಂದಾರ ಅವರ ಜೊತೆಗೆ. ಸಭೆ ಮರೆತದ್ದನ್ನು ತೋರಿಸಿದ್ದಾರೆ ಅನ್ನುವುದನ್ನು ಒಪ್ಪುತ್ತೇನೆ. ಆದರೆ ಸಭೆಯವರು ಅಡುಗೆಮನೆಗೆ ಬಂದಿರಲಿಲ್ಲ. ಆಡ್ಸೊ ಬಂದಿದ್ದ. ಆ ರಾತ್ರಿ ಅವಳ ಮುಖ, ಅವಳು ತಿಂದದ್ದು, ಕೈಯ ಒರಟು, ಏನಾದರೂ ಒಂದನ್ನು ಅವನು ಪುಸ್ತಕದ ಸಹಾಯ ಇಲ್ಲದೆ ನೋಡಬಹುದಿತ್ತು.

ಲ್ಯಾಟಿನ್ ಬಗ್ಗೆ ದೂರು ಹಾಗೇ ಇದೆ. ಅರ್ಥ ಕೊಟ್ಟಿರುವ ಟಿಪ್ಪಣಿ ಪುಸ್ತಕವನ್ನು ಪಕ್ಕದಲ್ಲಿಟ್ಟುಕೊಳ್ಳುವುದು ಎಲ್ಲರಿಗೂ ಆಗುವ ಮಾತಲ್ಲ.

ಓದುಗ ಹಾಸನ:

ಮತ್ತೆ ಶುರು ಮಾಡುತ್ತೇನೆ ಮೇಡಂ. ಕೊಲೆಗಾರ ಗೊತ್ತಾಗಿಬಿಟ್ಟಿದೆ, ಅದರ ಅವಸರವೂ ಇಲ್ಲ ಈಗ. ಬಾಗಿಲಿನ ವರ್ಣನೆ, ಹಣದ ಚೀಲದ ಜಗಳ ಎರಡನ್ನೂ ಬಿಟ್ಟು ಓದಿದರೆ ನಷ್ಟವೇ?

ಶಾಲ್ಮಲಾ:

ಬಾಗಿಲು ಬಿಡಬಹುದು ಸರ್, ಬೇಕಾದರೆ ಆಮೇಲೆ ತಿರುಗಿ ಬನ್ನಿ. ಐದನೇ ದಿನದ ಬೆಳಗಿನ ಜಗಳವನ್ನು ಬೇಗ ಬೇಗ ತಿರುವಿ. ಆದರೆ ಅದೇ ದಿನ ಮಧ್ಯಾಹ್ನ ಉಗ್ರಾಣ ನೋಡಿಕೊಳ್ಳುವ ರೆಮಿಜಿಯೋನ ವಿಚಾರಣೆ ಇದೆ, ಅದರಲ್ಲಿ ಒಂದು ಸಾಲೂ ಬಿಡಬೇಡಿ. ಡೊಲ್ಚಿನೋ ಗುಂಪಿನಿಂದ ತಪ್ಪಿಸಿಕೊಂಡು ಬಂದವರಲ್ಲಿ ಒಬ್ಬ ಅವನು. ಚಿತ್ರಹಿಂಸೆ ಕೊಡುತ್ತಾರೆ ಅಂತ ಗೊತ್ತಾದ ಕೂಡಲೇ ಮಾಡಿದ್ದು, ಮಾಡದ್ದು, ಮಠದ ಕೊಲೆಗಳು, ಎಲ್ಲವನ್ನೂ ನಾನೇ ಮಾಡಿದೆ ಅಂತ ಕಿರುಚಿ ಒಪ್ಪಿಕೊಳ್ಳುತ್ತಾನೆ. ಗುಯಿ ಅವನ ಮೈ ಮುಟ್ಟುವುದೂ ಇಲ್ಲ. ವಿಲಿಯಂ ಅಲ್ಲೇ ಕೂತಿರುತ್ತಾನೆ. ಅದನ್ನು ಓದಿದ ಮೇಲೆ ಇಲ್ಲಿ ಬಂದು ಬರೆಯಿರಿ, ಮಂದಾರ ಅವರೂ ನಾನೂ ವಿಲಿಯಂ ಬಗ್ಗೆ ಮಾತು ಮುಗಿಸಿಲ್ಲ.